ನಾಲ್ಕು ಭಾಷೆಯವರಿಗೆ ಐದನೆಯದು ಭಾರವೇ?

ಕೋಲಾರದ ಕಡೆ ಭಾಷೆ ಕಲಿಸುವುದು ಶಾಲೆಯೊಂದೇ ಅಲ್ಲ, ಬಸ್ ಸ್ಟ್ಯಾಂಡೂ ಕಲಿಸುತ್ತದೆ. ಮುಳಬಾಗಿಲಿನಲ್ಲಿ ತೆಲುಗು, ಮಾಲೂರಿನಲ್ಲಿ ಹೊಸೂರು ಕಡೆಯಿಂದ ಬಂದ ತಮಿಳು, ಕೋಲಾರದ ಕ್ಲಾಕ್ ಟವರ್ ಬಳಿ ಉರ್ದು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಂತೂ ಒಂದೇ ವ್ಯಾಪಾರದಲ್ಲಿ ಎಲ್ಲವೂ! ಹೀಗಿದ್ದೂ, ನನ್ನ ತಂಗಿಯ ಮಗನಿಗೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸ ಸಿಕ್ಕಾಗ ಮನೆಮಂದಿ ಕಂಗಾಲಾದರು. ಅಲ್ಲಿ ಸ್ವಾಹಿಲಿಯಂತೆ!

"ಇಂಗ್ಲಿಷ್ ಇದೆಯಲ್ಲ ಮಾವ" ಎಂದ ಹುಡುಗ. ತಂಗಿ ಒಂದೇ ಮಾತು ಕೇಳಿದಳು: "ನಡುರಾತ್ರಿ ಜ್ವರ ಬಂದ್ರೆ ಪಕ್ಕದ ಮನೆ ಅಜ್ಜಿಗೆ ಏನಂತ ಹೇಳ್ತೀಯೋ?"

ಆ ಪ್ರಶ್ನೆಯಿಂದಲೇ ಪಾಠ ಶುರುವಾಯಿತು. 'ನಾಉಮ್ವ' ಎಂದರೆ ನನಗೆ ಹುಷಾರಿಲ್ಲ. 'ನಿಸಾಯಿದಿಯೆ' ಎಂದರೆ ನನಗೆ ಸಹಾಯ ಮಾಡಿ. 'ಮಾಜಿ' ನೀರು, 'ಅಸಾಂತೆ' ಧನ್ಯವಾದ. ಹಿರಿಯರನ್ನು ಕಂಡರೆ ಕಿರಿಯರು 'ಶಿಕಾಮೋ' ಎನ್ನಬೇಕು. ಅವರು 'ಮರಹಾಬಾ' ಎಂದು ಒಪ್ಪಿಸಿಕೊಳ್ಳುತ್ತಾರೆ. ಇದನ್ನು ಕೇಳಿದ ಮೇಲೆ ತಂಗಿಗೆ ಅರ್ಧ ಸಮಾಧಾನ. ಹಿರಿಯರಿಗೆ ಮರ್ಯಾದೆ ಕೊಡುವ ಊರಲ್ಲಿ ಮಗ ಅನಾಥನಾಗಲಾರ ಎಂಬ ನಂಬಿಕೆ.

ಮುಂದೆ ಹೋದಂತೆ ನಮಗೇ ಅಚ್ಚರಿ. ಪುಸ್ತಕಕ್ಕೆ 'ಕಿತಾಬು', ಲೆಕ್ಕಕ್ಕೆ 'ಹೆಸಾಬು', ಲೋಕಕ್ಕೆ 'ದುನಿಯಾ', ಹಣಕ್ಕೆ 'ಪೆಸಾ', ವಾಹನಕ್ಕೆ 'ಗಾರಿ'. ಚಪಾತಿ ಚಪಾತಿಯೇ, ಲಕ್ಷ 'ಲಾಕಿ'! ಶತಮಾನಗಳ ಕಾಲ ಹಾಯಿಹಡಗಿನಲ್ಲಿ ಸಾಗಿದ ಅರಬ್ಬರು ಮತ್ತು ನಮ್ಮ ವರ್ತಕರು ಸರಕಿನ ಜೊತೆ ಮಾತನ್ನೂ ಇಳಿಸಿ ಬಂದಿದ್ದಾರೆ. ನಾವು 'ಬಸ್'ಗೆ ಉಕಾರ ಸೇರಿಸಿ 'ಬಸ್ಸು' ಮಾಡಿಕೊಂಡಂತೆ ಅವರು 'ಕಿತಾಬ್'ಗೆ ಸೇರಿಸಿ 'ಕಿತಾಬು' ಮಾಡಿಕೊಂಡರು. ಪದದ ಕೊನೆಗೆ ಸ್ವರ ಬೇಕೆನ್ನುವುದು ಎರಡೂ ಭಾಷೆಗಳ ಜಾಯಮಾನ.

ವ್ಯತ್ಯಾಸವೂ ಇದೆ. ನಮ್ಮ ಬಹುವಚನ ಬಾಲದಲ್ಲಿ, ಅವರದು ತಲೆಯಲ್ಲಿ: 'ಮ್ತೋತೊ' ಮಗು, 'ವಾತೋತೊ' ಮಕ್ಕಳು. ಗಡಿಯಾರದಲ್ಲಂತೂ ಪ್ರಯಾಣಿಕರು ಎಚ್ಚರವಾಗಿರಬೇಕು. ಅಲ್ಲಿ ಗಂಟೆ ಎಣಿಸುವುದು ಬೆಳಕು ಹರಿದಾಗಿನಿಂದ. 'ಸಾ ಮ್ಬೀಲಿ', ಅಂದರೆ ಎರಡು ಗಂಟೆಗೆ ಬಸ್ಸು ಎಂದರೆ ಬೆಳಿಗ್ಗೆ ಎಂಟಕ್ಕೇ ನಿಲ್ದಾಣದಲ್ಲಿರಬೇಕು! ಸೂರ್ಯೋದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮ ಅಜ್ಜಂದಿರಿಗೆ ಇದು ಸುಲಭವಾಗಿ ಹಿಡಿಸುತ್ತಿತ್ತು.

ಇಪ್ಪತ್ತು ಕೋಟಿಗೂ ಹೆಚ್ಚು ಜನ ಆಡುವ ಭಾಷೆಯಿದು. 2021ರಲ್ಲಿ ಯುನೆಸ್ಕೊ ಜುಲೈ 7ನ್ನು ವಿಶ್ವ ಸ್ವಾಹಿಲಿ ದಿನವೆಂದು ಘೋಷಿಸಿತು.

ವಿದ್ಯಾರ್ಥಿಗಳೇ, ಪರದೇಶಕ್ಕೆ ಹೊರಟರೆ ಮೊದಲು ನಮಸ್ಕಾರ, ಆಮೇಲೆ ಕಷ್ಟ ಹೇಳುವ ಮಾತು, ಕೊನೆಗೆ ಬೆಲೆ ಕೇಳುವ ಮಾತು ಕಲಿಯಿರಿ. ಬೆಲೆಯನ್ನಷ್ಟೇ ಕೇಳಬಲ್ಲವನು ಗಿರಾಕಿ. ನಮಸ್ಕಾರ ಹೇಳಬಲ್ಲವನು ನೆಂಟ.

ಇನ್ನು ತಂದೆ-ತಾಯಂದಿರಿಗೆ ಒಂದು ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು ಆಡುವ ಮಗುವನ್ನು "ಇಂಗ್ಲಿಷ್ ಕೆಡುತ್ತೆ" ಎಂದು ಗದರಿಸಬೇಡಿ. ಐದನೆಯ ಭಾಷೆಗೆ ಬೇಕಾದ ಧೈರ್ಯವನ್ನು ಅದು ಅಲ್ಲಿಯೇ ಕೂಡಿಡುತ್ತಿರುತ್ತದೆ.