ಒಂದು ಮಳೆಯಷ್ಟು ಜಾರಿದ ಪಂಚಾಂಗ

ಕೋಗಳಿ,
ಮೇ 1

ತೀರ್ಥರೂಪ ಅಪ್ಪನಿಗೆ ನಮಸ್ಕಾರಗಳು.

ಕೊಟ್ಟೂರಿನಿಂದ ಬೆಳಿಗ್ಗೆ ಹೊರಟು ಕೋಗಳಿ ಮುಟ್ಟಿದೆ. ಇಲ್ಲಿಯ ಬಿಸಿಲಿನ ಸುದ್ದಿ ಕೇಳಿದರೆ ಅಮ್ಮ ಗಾಬರಿಯಾಗುತ್ತಾಳೆ. ಅವಳಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟುಬಿಡಿ. ಮಧ್ಯಾಹ್ನ 12.20 ದಾಟಿದ ಮೇಲೆ ಬಸದಿಯ ಬಳಿ ನಿಂತಿದ್ದಾಗ ನನ್ನ ನೆರಳು ಕಾಲಡಿಗೇ ಸೇರಿಹೋಯಿತು. ಕೋಗಳಿ ಇರುವುದು ಹೆಚ್ಚುಕಡಿಮೆ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಭೂಮಿಯ ಅಕ್ಷ 23.4 ಡಿಗ್ರಿ ವಾಲಿರುವುದರಿಂದ ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಸಲ ನೆತ್ತಿಗೆ ಬರುತ್ತಾನೆ. ಈಗೊಮ್ಮೆ, ಆಗಸ್ಟ್ 12ರ ಆಸುಪಾಸಿನಲ್ಲಿ ಮತ್ತೊಮ್ಮೆ. ಹನ್ನೆರಡಕ್ಕೇ ಏಕಲ್ಲ ಎನ್ನುತ್ತೀರಿ. ನಮ್ಮ ಗಡಿಯಾರ ಮಿರ್ಜಾಪುರದ ಕಡೆಯ ಹೊತ್ತನ್ನು ತೋರಿಸುತ್ತದೆ. ಭೂಮಿ ಇನ್ನೊಂದಿಷ್ಟು ಉರುಳಿ ಕೋಗಳಿಯನ್ನು ಸೂರ್ಯನ ಎದುರಿಗೆ ತರಲು ಇಪ್ಪತ್ತು ಚಿಲ್ಲರೆ ನಿಮಿಷ ಬೇಕು.

ಬೇಸಿಗೆಯಲ್ಲಿ ಸೂರ್ಯ ಹತ್ತಿರ ಬರುತ್ತಾನೆ ಎಂದು ಬಸ್ಸಿನಲ್ಲಿ ಒಬ್ಬರು ಗಟ್ಟಿಯಾಗಿ ವಾದಿಸಿದರು. ವಾಸ್ತವ ತಿರುಗಾಮುರುಗಾ. ಜನವರಿ ಮೊದಲ ವಾರ ನಾವು ಸೂರ್ಯನಿಗೆ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರ ಅತಿ ದೂರ, 15.2 ಕೋಟಿ. ಕಾಯಿಸುವುದು ವಾಲಿಕೆ. ಡಿಸೆಂಬರ್ ಮಧ್ಯಾಹ್ನ ಇಲ್ಲಿ ಸೂರ್ಯ 52 ಡಿಗ್ರಿಯಷ್ಟು ಎತ್ತರದಲ್ಲೇ ನಿಲ್ಲುತ್ತಾನೆ, ಹಗಲೂ ಹನ್ನೊಂದೂಕಾಲು ಗಂಟೆ. ಜೂನಿನಲ್ಲಿ ಹಗಲು ಹದಿಮೂರು ಗಂಟೆ. ಇಷ್ಟು ಸಣ್ಣ ವ್ಯತ್ಯಾಸಕ್ಕೇ ನಾವು ಚಳಿ, ಸೆಕೆ ಎಂದು ಗೋಳಾಡುತ್ತೇವೆ. ಪಕ್ಕದ ಅಂಕಸಮುದ್ರದ ಕೆರೆಗೆ ಚಳಿಗಾಲದಲ್ಲಿ ಬರುವ ಗುಲಾಬಿ ಕಬ್ಬಕ್ಕಿಗಳನ್ನು ಕೇಳಬೇಕು. ಮಧ್ಯ ಏಷ್ಯಾದ ಅವುಗಳ ಸೀಮೆಯಲ್ಲಿ ಬೇಸಿಗೆಯ ಹಗಲು ಹದಿನೈದು ಹದಿನಾರು ಗಂಟೆ, ಚಳಿಗಾಲದ್ದು ಎಂಟೊಂಬತ್ತು ಗಂಟೆ. ಅಲ್ಲಿ ಮರಿ ಮಾಡಿ, ಇಲ್ಲಿಯ ಜೋಳ ತಿನ್ನಲು ಬರುತ್ತವೆ. ಆ ಕೆರೆ 2024ರಲ್ಲಿ ಜೌಗು ನೆಲಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ನೀವು ಪಂಚಾಂಗ ತೆರೆದು ಮಳೆ ನಕ್ಷತ್ರ ಓದುವವರು. ಇಲ್ಲಿಯವರೂ ಅಷ್ಟೆ. ಈಗ ಭರಣಿ ನಡೆಯುತ್ತಿದೆ, ರೋಹಿಣಿ ಯಾವಾಗ ಕೂಡುತ್ತದೆ ಎಂಬುದೇ ಚಹಾದಂಗಡಿಯ ಮಾತು. ಘಟ್ಟದ ಮರೆಯ ಸೀಮೆ ಇದು. ನಮ್ಮ ಸಾಗರದಲ್ಲಿ ಮಳೆ ಯಾವಾಗ ನಿಲ್ಲುತ್ತದೋ ಎಂದು ಕಾದರೆ, ಇಲ್ಲಿ ಯಾವಾಗ ಬರುತ್ತದೋ ಎಂದು ಕಾಯುತ್ತಾರೆ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎಂಬ ಗಾದೆ ಇಂಥವರ ಬಾಯಲ್ಲೇ ಹುಟ್ಟಿರಬೇಕು. ಮಳೆ ನಕ್ಷತ್ರ ಎಂದರೆ ಸೂರ್ಯ ಯಾವ ನಕ್ಷತ್ರದಲ್ಲಿ ನಿಂತಂತೆ ಕಾಣುತ್ತಾನೆ ಎಂಬುದು. ಸುತ್ತುತ್ತಿರುವುದು ಭೂಮಿ, 365 ದಿನದ ಆ ಸುತ್ತನ್ನು 27 ಪಾಲು ಮಾಡಿದರೆ ಒಂದೊಂದು ಮಳೆಗೆ ಹದಿಮೂರೂವರೆ ದಿನ. ಅಚ್ಚುಕಟ್ಟಾದ ಲೆಕ್ಕ, ಮೆಚ್ಚಲೇಬೇಕು.

ಆದರೆ ಅದು ಚುಕ್ಕಿಗಳ ಲೆಕ್ಕ, ವಾಲಿಕೆಯ ಲೆಕ್ಕವಲ್ಲ. ಆಡಿ ಮುಗಿಯಲಿರುವ ಬುಗುರಿಯಂತೆ ಭೂಮಿಯ ಅಕ್ಷ ತಾನೇ ಮೆಲ್ಲಗೆ ಓಲಾಡುತ್ತದೆ, ಒಂದು ಓಲಾಟಕ್ಕೆ ಸುಮಾರು 26,000 ವರ್ಷ. ಹಾಗಾಗಿ ಚುಕ್ಕಿಗಳ ವರ್ಷ ಋತುಗಳ ವರ್ಷಕ್ಕಿಂತ 20 ನಿಮಿಷ ಉದ್ದ. ಇಪ್ಪತ್ತು ನಿಮಿಷ ಯಾರ ಗಮನಕ್ಕೂ ಬಾರದು, ಕೋಗಳಿಯಂಥ ಹಳೆಯ ಊರನ್ನು ಬಿಟ್ಟು. ಒಂದು ಕಾಲಕ್ಕೆ ಇದು ‘ಕೋಗಳಿ 500’ ಎಂಬ ನಾಡಿನ ತಲೆಯೂರು. ಇಲ್ಲಿಯ ಬಸದಿಯನ್ನು ಕಟ್ಟಿಸಿದವನು ಗಂಗ ದೊರೆ ದುರ್ವಿನೀತ, ಅದಕ್ಕೆ ಇಂದ್ರಕೀರ್ತಿ ಎಂಬ ಮುನಿ ದತ್ತಿ ಬಿಟ್ಟರು ಎಂದು ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲದ, 1055ರ ಶಾಸನ ಹೇಳುತ್ತದೆ. ಅಲ್ಲಿಂದೀಚೆಗೆ ಆ ಇಪ್ಪತ್ತು ನಿಮಿಷಗಳು ಕೂಡಿ ಕೂಡಿ ಹದಿಮೂರು ದಿನ ದಾಟಿವೆ. ಅಂದರೆ ಸರಿಯಾಗಿ ಒಂದು ಮಳೆ! ಇಂದು ಆರಿದ್ರಾ ಹುಟ್ಟುವುದು ಜೂನ್ 22ರ ಸುಮಾರಿಗೆ, ಸೂರ್ಯ ತೆಂಕಕ್ಕೆ ಹೊರಳುವ ಹೊತ್ತಿಗೆ. ಆ ಶಾಸನ ಕಡೆದಾಗ ಅದೇ ಹೊತ್ತಿಗೆ ಪುನರ್ವಸು ಹುಟ್ಟುತ್ತಿತ್ತು. ಅಂದಿನ ರೋಹಿಣಿ ನಮ್ಮ ಕೃತ್ತಿಕೆಯ ದಿನಗಳಲ್ಲೇ ಮುಗಿದುಹೋಗುತ್ತಿತ್ತು. ಗಾದೆ ಅಷ್ಟು ಹಳೆಯದಲ್ಲ, ಇಲ್ಲವೇ ರೈತರು ಹೊಲ ನೋಡಿ ಗಾದೆಯನ್ನು ತಿದ್ದಿಕೊಂಡಿದ್ದಾರೆ. ನನಗೆ ಎರಡನೆಯದೇ ಸರಿ ಎನಿಸುತ್ತದೆ.

ಸಂಕ್ರಾಂತಿಯ ಜಗಳವೂ ಇದೇ. ಸೂರ್ಯ ಬಡಗಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ಕ್ಕೆ, ನೀವು ಎಳ್ಳು ಬೀರುವುದು ಜನವರಿ 14 ಅಥವಾ 15ಕ್ಕೆ. 1055ರಲ್ಲಿ ಈ ಅಂತರ ಹತ್ತು ಹನ್ನೊಂದು ದಿನವಷ್ಟೇ ಇತ್ತು. ಹಬ್ಬವನ್ನು ಹಿಂದೆ ತರಬೇಕೆಂದು ನಾನು ಹೇಳುವುದಿಲ್ಲ. ಅದು ಮಕರ ರಾಶಿಯ ಹಬ್ಬವಾಗಿಯೇ ಇರಲಿ. ಅದನ್ನು ಉತ್ತರಾಯಣದ ಮೊದಲ ದಿನ ಎಂದು ಮಕ್ಕಳಿಗೆ ಕಲಿಸಬೇಡಿ, ಅಷ್ಟೇ ನನ್ನ ತಕರಾರು.

ನಾಳೆ ಹಡಗಲಿ, ಆಮೇಲೆ ಮೈಲಾರ. ನಿಮಗೊಂದು ಕೆಲಸ: ಸಾಗರದ ಅಕ್ಷಾಂಶಕ್ಕೆ ಸೂರ್ಯ ಎರಡನೆಯ ಸಲ ನೆತ್ತಿಗೆ ಬರುವುದು ಆಗಸ್ಟ್ 15ರ ಹೊತ್ತಿಗೆ. ಅಂದು ಶಾಲೆಯಲ್ಲಿ ಧ್ವಜವಂದನೆ ಮುಗಿಸಿ ಮನೆಗೆ ಬಂದುಬಿಡಬೇಡಿ. ಮೋಡ ಬಿಟ್ಟುಕೊಟ್ಟರೆ, 12.34ಕ್ಕೆ ಧ್ವಜಕಂಬದ ಬುಡ ನೋಡಿ, ಮಕ್ಕಳಿಗೂ ತೋರಿಸಿ.