ಒಂದೇ ಧಾಟಿ, ಹಲವು ಕಂಠ

ಜಮೈಕಾ ದ್ವೀಪದ ಗಾಯಕರಲ್ಲಿ ಒಂದು ವಾಡಿಕೆಯುಂಟು. ಮೊದಲು ಸಂಗೀತ ನಿರ್ಮಾಪಕನು ಮಾತಿಲ್ಲದ ತಾಳವಾದ್ಯಗಳ ತಳಹದಿಯೊಂದನ್ನು ಸಿದ್ಧಪಡಿಸುತ್ತಾನೆ. ಅದಕ್ಕೆ ಅಲ್ಲಿ 'ರಿಡಿಮ್' ಎಂದು ಹೆಸರು. ಬಳಿಕ ಹಲವು ಗಾಯಕರು ಅದೇ ತಳಹದಿಯ ಮೇಲೆ ತಂತಮ್ಮ ಮಾತನ್ನೂ ರಾಗವನ್ನೂ ಕೂಡಿಸಿ ಹಾಡುತ್ತಾರೆ. ಇದನ್ನು ಅಲ್ಲಿ ಕಳವೆಂದು ಎಣಿಸುವುದಿಲ್ಲ.

ಇಂಥ ಒಂದು ರಿಡಿಮ್‌ಗೆ ನಮ್ಮ ಹಬ್ಬದ ಹೆಸರೇ ಇದೆ: 'ದೀವಾಲಿ'. ಸ್ಟೀವನ್ 'ಲೆಂಕಿ' ಮಾರ್ಸ್‌ಡೆನ್ ರಚಿಸಿದ ಇದರ ಮೇಲೆ ಹಲವರು ಹಾಡಿದ ಹಾಡುಗಳು 2002ರಲ್ಲಿ ಸಂಕಲನವಾಗಿ ಹೊರಬಂದವು. ಚಪ್ಪಾಳೆಯ ಬಡಿತವೇ ಇದರ ಜೀವಾಳ. ಇದರ ಮೇಲೆ ಶಾನ್ ಪಾಲ್ ಹಾಡಿದ 'ಗೆಟ್ ಬಿಸಿ' 2003ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅದು ಕುಣಿಸುವ ಹಾಡು. ಅದೇ ಚಪ್ಪಾಳೆಗೆ ವೇಯ್ನ್ ವಂಡರ್ 'ನೋ ಲೆಟಿಂಗ್ ಗೋ' ಎಂಬ ಮೆಲುದನಿಯ ಪ್ರೇಮಗೀತೆಯನ್ನು ಹಾಡಿದರು. ನ್ಯೂಯಾರ್ಕಿನ ತರುಣಿ ಲುಮಿಡೀ ಅದೇ ಬಡಿತದ ಮೇಲೆ 'ನೆವರ್ ಲೀವ್ ಯೂ' ಹಾಡಿ ಹೆಸರಾದರು.

ಈ ಮೂರನ್ನೂ ಮೊಬೈಲಿನಲ್ಲಿ ಕೇಳಿದ ನನ್ನ ಮಗಳು, "ಅಪ್ಪಾ, ಇದರಾಗ ಖರೇ ಹಾಡು ಯಾವುದು?" ಎಂದು ಕೇಳಿದಳು. ಮೂರೂ ಖರೇ ಎಂದೆ.

ಅವಳು ಕನ್ನಡ ಶಾಲೆಯ ಏಳನೆಯ ತರಗತಿಯಲ್ಲಿ ಓದುತ್ತಾಳೆ. ನಮ್ಮದು ಇಚಲಕರಂಜಿ. ಓಣಿಯಲ್ಲಿ ಮರಾಠಿ, ಗಣಪತಿ ಮಂಟಪದಲ್ಲಿ ಮರಾಠಿ, ಸಂತೆಯಲ್ಲಿ ಮರಾಠಿ. ಇಷ್ಟರ ನಡುವೆ ಮಗುವಿನ ಕನ್ನಡ ಉಳಿದೀತೇ ಎಂಬ ಅಳುಕು ನಮ್ಮಂಥ ಪಾಲಕರೆಲ್ಲರಿಗೂ ಇದೆ. ನನಗೂ ಇದೆ.

ಆದರೆ ನಮ್ಮ ಹಿರಿಯರು ಈ ಅಳುಕಿಗೆ ಎಂದೋ ಉತ್ತರ ಕಂಡುಕೊಂಡಿದ್ದರು. ನಮ್ಮ ಹಳೆಯ ಹಾಡಿನ ಪುಸ್ತಕಗಳಲ್ಲಿ ಪದದ ಮೇಲೆ 'ಧಾಟಿ' ಎಂದು ಬರೆದು, ಜನರಿಗೆ ಗೊತ್ತಿದ್ದ ಮತ್ತೊಂದು ಹಾಡಿನ ಮೊದಲ ಮಾತನ್ನು ಕೊಡುತ್ತಿದ್ದರು. ಮರಾಠಿಯವರು ಅದನ್ನೇ 'ಚಾಲ್' ಎನ್ನುತ್ತಾರೆ. ಮರಾಠಿ ಶಾಹೀರರ ಕಲಗಿ-ತುರಾ ವಾದದಲ್ಲಿ ಶಕ್ತಿ ಹೆಚ್ಚೋ ಶಿವ ಹೆಚ್ಚೋ ಎಂಬ ಜಿಜ್ಞಾಸೆ. ನಮ್ಮ ಗೀಗೀ ಮೇಳದ ಹರದೇಶಿ-ನಾಗೇಶಿಯಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ಸವಾಲು-ಜವಾಬು. ದಪ್ಪು, ತುಂತುಣಿ ಎರಡೂ ಕಡೆ ಉಂಟು. ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಶಾಕುಂತಲ' 1880ರಲ್ಲಿ ರಂಗವೇರಿದ್ದು ಪುಣೆಯಲ್ಲಿ. ಹಾಡು ಮತ್ತು ಹಾಡುವವರು ಈ ಸೀಮೆಯಲ್ಲಿ ಅತ್ತಿತ್ತ ನಡೆದಾಡುತ್ತಲೇ ಬಂದಿದ್ದಾರೆ.

ನಮ್ಮೂರಿನ ವಿದ್ಯುತ್ ಮಗ್ಗಗಳ ಖಟಖಟ ಸದ್ದು ಎಲ್ಲ ನೇಕಾರರಿಗೂ ಒಂದೇ. ಅದರ ಮುಂದೆ ನಿಂತು ಒಬ್ಬನು ಮರಾಠಿ ಅಭಂಗ ಗುನುಗಿದರೆ, ಮತ್ತೊಬ್ಬನು ಕನ್ನಡ ತತ್ತ್ವಪದ ಗುನುಗುತ್ತಾನೆ. ಬಡಿತವು ಹಂಚಿಕೊಂಡದ್ದು, ಮಾತು ಮಾತ್ರ ಅವರವರದು.

ಆದ್ದರಿಂದ ಪಾಲಕರೇ, ಮಗುವು ಓಣಿಯ ಮರಾಠಿ ಹಾಡನ್ನು ಗುನುಗಿದರೆ ತಡೆಯಬೇಡಿರಿ. ಅದೇ ಧಾಟಿಗೆ ನಾಲ್ಕು ಸಾಲು ಕನ್ನಡ ಕಟ್ಟು ಎನ್ನಿರಿ. ಧಾಟಿ ಎರವಲು ಬಂದರೆ ಭಾಷೆಗೆ ಕುಂದಿಲ್ಲ. ಧಾಟಿ ಇದ್ದೂ ಕೂಡಿಸಲು ಕನ್ನಡದ ಮಾತು ಹೊಳೆಯದ ದಿನ ಬಂದರೆ, ಅಂದು ಚಿಂತಿಸಬೇಕು.