ಅಡಿಕೆ ಚಪ್ಪರಕ್ಕೆ ಹೋದ ಸನ್ಮಾನ

ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೇಷ್ಟ್ರಾಗಿದ್ದ ಕಾಲದ ಮಾತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತಲ್ಲ, ಅದರ ಮುಂದಿನ ವರ್ಷದ ಅಡಿಕೆ ಸುಗ್ಗಿ ಅದು. ವಾರಕ್ಕೆ ಮೂರು ದಿನ ಮಕ್ಕಳಿಗೆ ತಲಾ 150 ಮಿಲಿಲೀಟರ್ ಬಿಸಿ ಹಾಲು ಕೊಡಬೇಕು ಅಂತ ಆಗಿನ ಆದೇಶ. ಹಾಲು ಬರುತ್ತಿದ್ದದ್ದು ಪುಡಿಯ ರೂಪದಲ್ಲಿ. ಕುದಿಯುವ ನೀರಿಗೆ ನೇರ ಸುರಿದರೆ ಗಂಟುಗಂಟು, ಮಕ್ಕಳು ಮೂಗು ಮುರಿಯುತ್ತಿದ್ದರು. ಒಂದು ದಿನ ಮೂರನೇ ತರಗತಿ ಹುಡುಗನ ತಾಯಿ ಬಂದು, ಮೊದಲು ಉಗುರುಬೆಚ್ಚಗಿನ ನೀರಲ್ಲಿ ಪುಡಿಯನ್ನು ದೋಸೆಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ದೊಡ್ಡ ಪಾತ್ರೆಗೆ ಬಿಡುವುದನ್ನು ತೋರಿಸಿಕೊಟ್ಟರು. ಅಡುಗೆಯವರಿಗೆ ಅದು ರೂಢಿಯಾಗುವ ತನಕ, ಹಾಲಿನ ದಿನ ಬೆಳಿಗ್ಗೆ ಅವರೇ ಬಂದು ಕದಡಿಕೊಟ್ಟು ಕೂಲಿಗೆ ಹೋಗುತ್ತಿದ್ದರು.

ಹಳ್ಳಿ ಶಾಲೆ ನಡೆಯುವುದೇ ಇಂಥವರಿಂದ. 2001ರಲ್ಲಿ ಸರ್ಕಾರ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಮಾಡಿ ಪೋಷಕರಿಗೆ ಶಾಲೆಯ ಮೇಲುಸ್ತುವಾರಿ ಕೊಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು ಎಂದಾಯಿತು. ಸಮಿತಿಯಲ್ಲಿದ್ದವರಿಗೂ ಸಂಬಳ ಇಲ್ಲ, ಸಮಿತಿಯ ಹೊರಗಿದ್ದು ದುಡಿದವರಿಗೂ ಇಲ್ಲ. ಆದರೆ ವಾರ್ಷಿಕೋತ್ಸವದ ವೇದಿಕೆಯಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಸಿಗುತ್ತಿದ್ದದ್ದು ಬೀರು ಕೊಡಿಸಿದವರಿಗೆ, ಮೈಕ್ ಕೊಡಿಸಿದವರಿಗೆ. ದಾನಿಗಳನ್ನು ಗೌರವಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ವೇದಿಕೆಗೆ ಗೂಟ ಹುಗಿದವರು ಪರದೆಯ ಹಿಂದೆಯೇ ಉಳಿಯುತ್ತಿದ್ದರು, ಅದು ನಮ್ಮ ಮುಖ್ಯಶಿಕ್ಷಕಿಯ ಮನಸ್ಸನ್ನು ಕೊರೆಯುತ್ತಿತ್ತು.

ಆ ವರ್ಷ ಎಸ್‌ಡಿಎಂಸಿ ಸಭೆಯಲ್ಲಿ ಮಾತು ಬಂತು. ದುಡಿದವರಿಗೂ ಒಂದೊಂದು ಶಾಲು ಹೊದಿಸೋಣ ಎಂದರು ಅಧ್ಯಕ್ಷರು. ಶಾಲಿಗೆ 150 ರೂಪಾಯಿ ಹಿಡಿದರೂ ಹಾರ, ಹಣ್ಣು, ಚಹಾ ಸೇರಿ ಲೆಕ್ಕ ಎಲ್ಲೋ ಹೋಯಿತು. ಶಾಲಾ ಅನುದಾನ ಇರುವುದು ದುರಸ್ತಿಗೆ, ಸೀಮೆಸುಣ್ಣಕ್ಕೆ. ಅದನ್ನು ಮುಟ್ಟಲು ಮುಖ್ಯಶಿಕ್ಷಕಿ ಒಪ್ಪಲಿಲ್ಲ. ಶಿಕ್ಷಕರೆಲ್ಲ ಸೇರಿ ಕೈಯಿಂದ ಹಾಕಿದ್ದು 700 ರೂಪಾಯಿ. ‘ಅಷ್ಟರಲ್ಲೇ ಆಗಬೇಕು, ಒಬ್ಬರೂ ಬಿಟ್ಟುಹೋಗಬಾರದು’ ಎಂದರು ಅವರು.

ಯಾರ್‍ಯಾರು ಎಂದು ಪಟ್ಟಿ ಬರೆಯಲು ಕೂತೆವು. ನಮಗೆ ಹೊಳೆದ ಹೆಸರು 14. ಆಗ ಮುಖ್ಯಶಿಕ್ಷಕಿ ಒಂದು ಖಾಲಿ ನೋಟ್‌ಬುಕ್ ಹಿಡಿದು ತರಗತಿ ತರಗತಿಗೂ ಹೋದರು. ‘ನಮ್ಮ ಶಾಲೆಗೆ ಯಾರು ಏನು ಮಾಡಿದ್ದಾರೆ, ನೀವು ಕಣ್ಣಾರೆ ಕಂಡದ್ದು ಹೇಳಿ’ ಎಂದು ಮಕ್ಕಳನ್ನೇ ಕೇಳಿದರು. ಪಟ್ಟಿ 40 ದಾಟಿತು. ಒಬ್ಬಳ ಅಜ್ಜ ಬೇಸಿಗೆ ರಜೆಯಲ್ಲಿ ತೋಡಿನಿಂದ ಕೊಡಪಾನದಲ್ಲಿ ನೀರು ಹೊತ್ತು ಕೈತೋಟದ ಗಿಡ ಉಳಿಸಿದ್ದರು. ಜೂನ್‌ನಲ್ಲಿ ಬಂದು ಹಸಿರು ನೋಡಿದಾಗ ನಾವೆಲ್ಲ ಮೇ ತಿಂಗಳ ಮಳೆಯ ಪುಣ್ಯ ಎಂದುಕೊಂಡಿದ್ದೆವು. ಒಬ್ಬನ ಅಪ್ಪ ಪ್ರತಿಭಾ ಕಾರಂಜಿಗೆ ಮಕ್ಕಳನ್ನು ಜೀಪಿನಲ್ಲಿ ಕರೆದೊಯ್ದು ಡೀಸೆಲ್ ದುಡ್ಡನ್ನೂ ಮುಟ್ಟಿರಲಿಲ್ಲ. ಹಂಚು ಹತ್ತಿದವರು, ಬೇಲಿ ಕಟ್ಟಿದವರು, ನೃತ್ಯದ ಲಂಗಕ್ಕೆ ರಾತ್ರಿ ಕೂತು ಅಂಚು ಹೊಲಿದವರು, ಎಲ್ಲರೂ ಬಂದರು.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗ ಮಾತ್ರ ತಲೆ ತಗ್ಗಿಸಿ ಕೂತಿದ್ದ. ‘ನಮ್ಮಮ್ಮ ಎಂತದೂ ಮಾಡಿಲ್ಲ ಟೀಚರ್’ ಎಂದ. ಪಕ್ಕದ ಹುಡುಗಿ ಥಟ್ಟನೆ ಎದ್ದಳು. ‘ಸುಳ್ಳು! ಮಳೆಗಾಲದಲ್ಲಿ ನಮ್ಮನ್ನೆಲ್ಲ ಸಂಕ ದಾಟಿಸೋದು ಅವನ ಅಮ್ಮನೇ.’

ಹಳ್ಳದ ಆಚೆ ಏಳೆಂಟು ಮನೆಗಳಿದ್ದವು. ಮಧ್ಯೆ ಎರಡು ಮರದ ದಿಮ್ಮಿ ಹಾಸಿದ ಕಾಲುಸಂಕ, ಹಿಡಿದುಕೊಳ್ಳಲು ಏನೂ ಇಲ್ಲ. ಆಷಾಢದ ಮಳೆಗೆ ದಿಮ್ಮಿ ಪಾಚಿಗಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು ಭೋರಿಡುತ್ತದೆ. ಆ ತಾಯಿ ಬೆಳಿಗ್ಗೆ ಸಂಜೆ ಅಲ್ಲಿ ನಿಂತು ಒಂದೊಂದೇ ಮಗುವನ್ನು ದಾಟಿಸುತ್ತಿದ್ದರು. ನಮ್ಮ ಶಿಕ್ಷಕರಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಮುಖ್ಯಶಿಕ್ಷಕಿ ನೋಟ್‌ಬುಕ್‌ನಲ್ಲಿ ಆ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದರು.

ಉಡುಗೊರೆಗೆ ಮಕ್ಕಳೇ ಅಡಿಕೆ ಹಾಳೆ ಆರಿಸಿ ತಂದರು. ಒಣಗಿದ ಹಾಳೆ ಸುರುಳಿಗಟ್ಟುತ್ತದೆ, ಹಾಗೇ ಬರೆಯಲು ಬರುವುದಿಲ್ಲ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಂಚಿನ ಹಲಗೆಗಳ ನಡುವೆ ಕಲ್ಲು ಹೇರಿ ಚಪ್ಪಟೆ ಮಾಡಿ ಒಣಗಿಸಿ, ಅಂಗೈಯಗಲ ಕತ್ತರಿಸಿದೆವು. ನಲಿಕಲಿ ಕೋಣೆಯ ಗೋಡೆಗೆ ಬಳಿದು ಉಳಿದ ಬಣ್ಣ ಇತ್ತು. ಮೊದಲ ದಿನ ಎಲ್ಲರೂ ಬರೆದದ್ದು ಒಂದೇ ಸಾಲು: ‘ನಿಮ್ಮ ಸಹಕಾರಕ್ಕೆ ಧನ್ಯವಾದಗಳು.’ ಮುಖ್ಯಶಿಕ್ಷಕಿ ಅಷ್ಟನ್ನೂ ವಾಪಸ್ ಕೊಟ್ಟರು. ಅವರು ಏನು ಮಾಡಿದರು, ಯಾವಾಗ ಮಾಡಿದರು, ಅದರಿಂದ ನಿನಗೆ ಏನಾಯಿತು, ಅದನ್ನು ಬರಿ ಎಂದರು. ನನ್ನ ಇಡೀ ಮೇಷ್ಟ್ರುಗಿರಿಯಲ್ಲಿ ಕಂಡ ಅತ್ಯುತ್ತಮ ಕನ್ನಡ ಪಾಠ ಅದು ಎಂದು ಇವತ್ತಿಗೂ ನಂಬಿದ್ದೇನೆ.

ಉಳಿದದ್ದು ದಿನ ಗೊತ್ತುಮಾಡುವ ಪ್ರಶ್ನೆ. ಸುಗ್ಗಿಯಲ್ಲಿ ಅಡಿಕೆ ಸುಲಿತಕ್ಕೆ ಕೂಲಿ ಡಬ್ಬದ ಲೆಕ್ಕ. ಸನ್ಮಾನಕ್ಕೆಂದು ಶಾಲೆಗೆ ಬಂದು ಎರಡು ಗಂಟೆ ಕೂತರೆ ಅಷ್ಟು ಡಬ್ಬದ ದುಡ್ಡು ಹೋಯಿತು. ನಮ್ಮ ಖರ್ಚು ಉಳಿಸಲು ಹೋಗಿ ಅವರ ಕೂಲಿ ಕಳೆಯುವುದು ಯಾವ ನ್ಯಾಯ? ಅದಕ್ಕೇ ಅವರನ್ನು ಶಾಲೆಗೆ ಕರೆಯುವುದು ಬೇಡ, ಶಾಲೆಯೇ ಅವರಿದ್ದಲ್ಲಿಗೆ ಹೋಗಲಿ ಎಂದಾಯಿತು. ಹೆಚ್ಚಿನವರು ಸುಲಿಯುತ್ತಿದ್ದದ್ದು ಒಂದೇ ತೋಟದ ಚಪ್ಪರದಲ್ಲಿ. ಯಜಮಾನರು ಸಂತೋಷದಿಂದ ಒಪ್ಪಿದರು, ಉಳಿದವರಿಗೂ ಹೇಳಿಕಳಿಸಿದರು.

ಶನಿವಾರ ಸಂಜೆ ಹೋದೆವು. ಚಪ್ಪರದ ಒಂದು ಬದಿಗೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ಒಗರು ವಾಸನೆ ಅಂಗಳ ತುಂಬಿತ್ತು. ಸಾಲಾಗಿ ಕೂತ ಹೆಂಗಸರ ಮೆಟ್ಟುಗತ್ತಿಗಳ ಕರಕರ ಸದ್ದು. ನಮ್ಮನ್ನು ಕಂಡು ಎಲ್ಲರೂ ಏಳಲು ಹೊರಟಾಗ ಮುಖ್ಯಶಿಕ್ಷಕಿ, ‘ಕೂರಿ ಕೂರಿ, ಕೈ ನಿಲ್ಲಿಸಬೇಡಿ, ಕಿವಿ ಕೊಟ್ಟರೆ ಸಾಕು’ ಎಂದು ತಾವೂ ಒಂದು ಮೆಟ್ಟುಗತ್ತಿ ಎಳೆದುಕೊಂಡು ಕೂತರು. ಅವರದು ಸಾಗರದ ಕಡೆಯ ತವರು, ಸುಲಿತ ಬಲ್ಲ ಕೈ. ಸುಲಿದದ್ದನ್ನು ಪಕ್ಕದವರ ಡಬ್ಬಕ್ಕೆ ಹಾಕುತ್ತಾ ಹೋದರು.

ಮಕ್ಕಳು ಒಬ್ಬೊಬ್ಬರಾಗಿ ಎದ್ದು ತಮ್ಮ ಹಾಳೆ ಓದಿದರು. ಹಾಲು ಕದಡಿದ ತಾಯಿಗೆ, ‘ಈಗ ನಾನು ಲೋಟ ಪೂರ್ತಿ ಕುಡಿಯುತ್ತೇನೆ’ ಎಂದು ಬರೆದಿದ್ದ ಒಬ್ಬ ಪುಟ್ಟ. ನೀರು ಹೊತ್ತ ಅಜ್ಜ ಹಂಡೆಯ ಒಲೆಗೆ ಸೌದೆ ಒಟ್ಟುತ್ತಾ, ಮೊಮ್ಮಗಳು ಓದಿ ಮುಗಿಸುವ ತನಕ ಬೆನ್ನು ತಿರುಗಿಸಿಯೇ ಇದ್ದರು.

ಕಾಲುಸಂಕದ ಹಾಳೆ ಎರಡನೇ ತರಗತಿ ಹುಡುಗಿಯದು. ಅವಳು ಓದಿದ್ದು ನನಗೆ ಬಾಯಿಪಾಠವಾಗಿದೆ: ‘ಮಳೆ ಬಂದಾಗ ನೀವು ನನ್ನ ಚೀಲ ಹಿಡಿದು ಮುಂದೆ ಹೋಗುತ್ತೀರಿ. ನೀರು ನೋಡಬೇಡ, ನನ್ನ ಬೆನ್ನು ನೋಡು ಎನ್ನುತ್ತೀರಿ. ನಾನು ಈ ವರ್ಷ ಒಂದು ದಿನವೂ ಶಾಲೆ ತಪ್ಪಿಸಲಿಲ್ಲ.’

ಮೆಟ್ಟುಗತ್ತಿಯ ಸದ್ದು ನಿಂತಿತು. ಆ ತಾಯಿ ಸೆರಗಿಗೆ ಕೈ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಸುಲಿತದ ಕಪ್ಪು ಒರೆಸಿದರೆ ಹೋಗುವಂಥದ್ದಲ್ಲ. ಹಾಳೆಗೆ ಕಲೆಯಾದೀತೆಂದು ಮುಟ್ಟದೆ, ‘ಹಿಡ್ಕೋ ಮಗಾ’ ಎಂದು ಮಗನ ಕೈಗೆ ಕೊಡಿಸಿದರು. ‘ಅದ್ಕೆಲ್ಲ ಎಂತಕ್ಕೆ ಬರ್‍ಯೋದು ಟೀಚರ್, ಮಕ್ಕಳಲ್ವಾ’ ಎಂದರು. ತರಗತಿಯಲ್ಲಿ ತಲೆ ತಗ್ಗಿಸಿದ್ದ ಹುಡುಗ ಅದನ್ನು ಎಲ್ಲರ ಮುಂದೂ ಹಿಡಿದು ತೋರಿಸುತ್ತಾ ಚಪ್ಪರವಿಡೀ ಸುತ್ತಿದ.

ಬೆಲ್ಲ ಕಾಯಿತುರಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಕಾಫಿ ಆಯಿತು. 700 ರೂಪಾಯಿಯಲ್ಲಿ ಸ್ವಲ್ಪ ಉಳಿಯಿತು ಕೂಡ.

ಅಲ್ಲೇ ಕೂತಿದ್ದ ಗಂಡಸರ ನಡುವೆ ಬೇರೆಯೇ ಮಾತು ಶುರುವಾಗಿತ್ತು. ಸಂಕ ಅಷ್ಟು ಜಾರುತ್ತದೆಂದು ಆಚೆ ಮನೆಯವರಿಗೆ ಬಿಟ್ಟರೆ ಯಾರಿಗೂ ತಟ್ಟಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಜೀಪಿನ ಅಪ್ಪ, ಬೇಲಿಯವರು, ಇನ್ನೂ ಕೆಲವರು ಸೇರಿ ಹೊಸ ದಿಮ್ಮಿ ಹಾಸಿ, ಎರಡೂ ಬದಿಗೆ ಅಡಿಕೆ ದಬ್ಬೆಯ ಕೈಹಿಡಿ ಕಟ್ಟಿದರು. ಮುಂದಿನ ಸಲ ಎಸ್‌ಡಿಎಂಸಿಗೆ ಸದಸ್ಯರನ್ನು ಆರಿಸುವಾಗ ಆ ತಾಯಿಯ ಹೆಸರನ್ನು ಹಳ್ಳದಾಚೆಯ ಹೆಂಗಸರೇ ಸೂಚಿಸಿದರು. ಮೊದಲ ಸಭೆಯಲ್ಲಿ ಅವರು ಕೇಳಿದ್ದು ಒಂದೇ: ಜೋರು ಮಳೆಯ ದಿನ ಆಚೆ ಮನೆಯ ಮಕ್ಕಳನ್ನು ಕತ್ತಲಾಗುವ ಮೊದಲೇ ಬಿಡಬೇಕು. ಅವತ್ತೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆವು.